ಹಸಿ ಕಪಾಟಿನ ಸಿನಿಮಾ

ನಮ್ಮೂರಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳೂ ಸಿನಿಮಾಗಳೂ ತಿಂಗಳಿಗೊಮ್ಮೆ ಬರುತ್ತವೆ. ಬಂದವುಗಳ ಪಟ್ಟಿಯನ್ನು ಅಂದೇ ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸುತ್ತೇವೆ. ಆದರೆ ಅವು ತಕ್ಷಣ ಯಾರ ಕೈಗೂ ಸಿಗುವುದಿಲ್ಲ, ಮೊದಲು ಹಸಿ ಕಪಾಟಿಗೆ ಹೋಗುತ್ತವೆ. ಹಸಿ ಎಂದರೆ ಕೊನೆ ಇನ್ನೂ ಆಗದವು. ಪುಸ್ತಕವಾದರೆ ಕಡೆಯ ಹತ್ತಿಪ್ಪತ್ತು ಪುಟ ಖಾಲಿ ಇರುತ್ತವೆ. ಸಿನಿಮಾ ಆದರೆ ಕೊನೆಯ ಭಾಗದಲ್ಲಿ ಪರದೆ ಬರೀ ಬೆಳ್ಳಗಿರುತ್ತದೆ. ಮೊದಲ ಸಲ ಯಾರು ಓದುತ್ತಾರೋ, ನೋಡುತ್ತಾರೋ, ಅವರ ಮನಸ್ಸಿನಲ್ಲಿ ಇದ್ದದ್ದಕ್ಕೆ ತಕ್ಕಂತೆ ಕೊನೆ ಮೂಡುತ್ತದೆ. ಒಮ್ಮೆ ಮೂಡಿತೆಂದರೆ ಮುಗಿಯಿತು, ಆಮೇಲೆ ಸಾವಿರ ಜನ ಓದಿದರೂ ಅದೇ. ಹೆಪ್ಪು ಬಿದ್ದ ಮೇಲೆ ಮೊಸರನ್ನು ಮತ್ತೆ ಹಾಲು ಮಾಡಲು ಬರುವುದಿಲ್ಲವಲ್ಲ, ಹಾಗೆ. ಬೇರೆ ಊರುಗಳಲ್ಲಿ ಪುಸ್ತಕಗಳು ಮುಗಿದೇ ಬರುತ್ತವಂತೆ. ಅಲ್ಲಿಯವರು ಪಾಪ, ಬಂದದ್ದನ್ನು ಓದಿಕೊಂಡಿರುತ್ತಾರೆ.

ಹಿಂದೆಲ್ಲ ಯಾರು ಮೊದಲು ಬಂದರೋ ಅವರಿಗೇ ಪುಸ್ತಕ ಎಂಬ ಪದ್ಧತಿ ಇತ್ತು. ಅದರ ಫಲ ಇವತ್ತಿಗೂ ಕಪಾಟುಗಳಲ್ಲಿದೆ. ತಮ್ಮನ ಜೊತೆ ಆಸ್ತಿಗಾಗಿ ಜಗಳವಾಡುತ್ತಿದ್ದ ಚರಿತ್ರೆಯ ಮೇಷ್ಟ್ರೊಬ್ಬರು ವರ್ಷಪೂರ್ತಿ ಹಸಿ ಕಪಾಟಿನ ಮುಂದೆಯೇ ಠಿಕಾಣಿ ಹೂಡಿದ್ದರಿಂದ, ಆ ವರ್ಷದ ಕಾದಂಬರಿಗಳಲ್ಲೆಲ್ಲ ತಮ್ಮಂದಿರು ಬಾವಿಗೆ ಬಿದ್ದಿದ್ದಾರೆ. ಮಗಳಿಗೆ ಗಂಡು ಹುಡುಕುತ್ತಿದ್ದ ತಾಯಿಯೊಬ್ಬಳ ಕೈಗೆ ಸಿಕ್ಕ ಕೃಷಿ ಅರ್ಥಶಾಸ್ತ್ರದ ಪುಸ್ತಕ, ನೀರಾವರಿಯ ಅಂಕಿ ಅಂಶಗಳೆಲ್ಲ ಮುಗಿದ ಮೇಲೆ, ಮದುವೆ ಊಟದಲ್ಲಿ ಕೊನೆಯಾಗುತ್ತದೆ. ರಸಾಯನಶಾಸ್ತ್ರದ ದಪ್ಪ ಪುಸ್ತಕವೊಂದರ ಕಡೆಯ ಅಧ್ಯಾಯದಲ್ಲಿ ಇರುವುದು ಒಂದೇ ಸಾಲು: ಈ ಅಧ್ಯಾಯ ಪರೀಕ್ಷೆಗೆ ಇಲ್ಲ. ಹೀಗೇ ಬಿಟ್ಟರೆ ಊರಿನ ವಿದ್ಯೆ ಎಕ್ಕುಟ್ಟಿಹೋಗುತ್ತದೆ ಎಂದು ವಿಶ್ವವಿದ್ಯಾಲಯದವರು ಪ್ರಥಮ ಓದುಗ ಎಂಬ ಹುದ್ದೆ ಮಾಡಿದರು. ಯಾವ ಆಸೆಯೂ ಇಲ್ಲದ ಒಬ್ಬ ವ್ಯಕ್ತಿ ಬೇಕಾಗಿದ್ದಾರೆ ಎಂದು ಜಾಹೀರಾತು ಕೊಟ್ಟರು.

ಸಂದರ್ಶನಕ್ಕೆ ಕಾವಿ ಉಟ್ಟವರೂ ಬಂದಿದ್ದರು. ಅವರಿಗೆ ಕೆಲಸ ಬೇಕೇಬೇಕಾಗಿತ್ತು, ಅದರಲ್ಲೇ ಸೋತರು. ನಾನು ಹೋದದ್ದು ಪಕ್ಕದ ಮನೆಯವರು ಅರ್ಜಿ ತುಂಬಿ ಕೈಗಿಟ್ಟರು ಎಂಬ ಕಾರಣಕ್ಕೆ. ಗ್ರಂಥಪಾಲಕ ಪರಶಿವಮೂರ್ತಿ ಸರ್ ನನಗೊಂದು ಕಥೆ ಹೇಳಿದರು. ಒಬ್ಬಳೇ ಮಗಳು, ಕಾಯಿಲೆ ಬಿದ್ದಿದ್ದಾಳೆ, ಹೊಳೆ ತುಂಬಿ ಹರಿಯುತ್ತಿದೆ, ಔಷಧಿ ಆಚೆ ದಡದಲ್ಲಿದೆ. "ಮುಂದೇನಾಗ್ಬೇಕು ಅನ್ಸುತ್ತೆ, ಮಂದಾಕಿನಿ?" ಎಂದು ಕೇಳಿದರು. "ಏನಾಗುತ್ತೋ ಅದೇ ಆಗ್ಲಿ ಸರ್" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಪಕ್ಕದವರ ಕಡೆ ನೋಡಿದರು. ನನಗೆ ಕೆಲಸ ಸಿಕ್ಕಿತು. ಸಿಕ್ಕದಿದ್ದರೂ ಬೇಜಾರೇನೂ ಆಗುತ್ತಿರಲಿಲ್ಲ.

ಅಂದಿನಿಂದ ನಮ್ಮ ಊರಿನ ಪುಸ್ತಕಗಳೆಲ್ಲ ನನ್ನ ಹದಕ್ಕೆ ಮುಗಿಯತೊಡಗಿದವು. ಪತ್ತೇದಾರಿ ಕಾದಂಬರಿಯ ಕೊನೆಯಲ್ಲಿ ಕೊಲೆಗಾರ ಸಿಗುವುದಿಲ್ಲ, ಅದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದೂ ಇಲ್ಲ. ಪ್ರೇಮಿಗಳು ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೆ, ಬಸ್ಸು ಬರುತ್ತದೆ, ಹತ್ತುತ್ತಾರೆ. ಯುದ್ಧದ ಸಿನಿಮಾದಲ್ಲಿ ಎರಡೂ ಕಡೆಯವರು ಊಟದ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ವಿದ್ಯಾರ್ಥಿಗಳು ಇದಕ್ಕೆ ಮಂದಾಕಿನಿ ಮುಕ್ತಾಯ ಎಂದು ಹೆಸರಿಟ್ಟರು. ಒಬ್ಬಳು ಹುಡುಗಿ ಕಾದಂಬರಿಯೊಂದನ್ನು ಮೇಜಿನ ಮೇಲೆ ಕುಕ್ಕಿ, "ಮೇಡಂ, ಕಡೆಗೂ ಕೊಂದಿದ್ದು ಯಾರು?" ಎಂದು ಕೇಳಿದಳು. "ಯಾರೋ ಕೊಂದಿರ್ಬೇಕು" ಎಂದೆ. ಅವಳು ನನ್ನನ್ನು ಕೊಂದುಬಿಡುವವಳಂತೆ ನೋಡಿದಳು. ಆದರೆ ಅನ್ಯಾಯವಾಯಿತು ಎಂದು ಯಾರೂ ದೂರು ಕೊಡುವಂತಿರಲಿಲ್ಲ. ಯಾರ ಪರವೂ ಇಲ್ಲದ ಕೊನೆ ಎಂದರೆ ಅದೇ ಎಂದು ಪರಶಿವಮೂರ್ತಿ ಸರ್ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದರು.

ಗ್ರಂಥಾಲಯದ ಹಿಂದೆಯೇ ತಮ್ಮಯ್ಯನ ಕ್ಯಾಂಟೀನು. ತಮ್ಮಯ್ಯನ ಹೆಂಡತಿ ವನಮಾಲ ಇಪ್ಪತ್ತು ವರ್ಷ ಅಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದವಳು. ಒಮ್ಮೆ ನಮ್ಮ ಊರಿನ ಕೆರೆಯ ಹತ್ತಿರ ಸಿನಿಮಾದವರು ಬಂದು ಶೂಟಿಂಗ್ ಮಾಡಿದರು. ಅವರಿಗೆಲ್ಲ ತಿಂಡಿ ತೆಗೆದುಕೊಂಡು ಹೋಗುತ್ತಿದ್ದವಳು ವನಮಾಲ. ಅವರು ಊರು ಬಿಟ್ಟ ದಿನ ಖಾಲಿ ಪಾತ್ರೆಗಳು ವಾಪಸು ಬಂದವು, ಅವಳು ಬರಲಿಲ್ಲ. ಆಮೇಲೆ ಒಂದೊಂದು ಸಿನಿಮಾದಲ್ಲಿ ಹೂ ಮಾರುವವಳಾಗಿ, ನರ್ಸಾಗಿ, ಆಚೆ ಮನೆಯ ಅತ್ತೆಯಾಗಿ ಕಾಣಿಸಿಕೊಂಡಳು. ತಮ್ಮಯ್ಯ ಒಂದನ್ನೂ ನೋಡಲು ಹೋಗಲಿಲ್ಲ. ಅವಳ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ. ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡು, ಕೈ ಚಾಚಿ ಗಲ್ಲಾ ತೆಗೆದು ಚಿಲ್ಲರೆ ಕೊಡುತ್ತಿದ್ದ. ಕೇಳಿದವರಿಗೆಲ್ಲ ಒಂದೇ ಮಾತು, "ಬರ್ತಾಳೆ ಬುಡಿ. ಎಲ್ಲೋಗ್ತಾಳೆ?"

ಹೋದ ವರ್ಷ ಬಂದ ಸಿನಿಮಾಗಳಲ್ಲಿ ಒಂದರ ಹೆಸರು ಚಿಲಕದ ಸದ್ದು. ಡಬ್ಬಿಯ ಮೇಲೆ ಇದ್ದದ್ದನ್ನು ಇದ್ದಂತೆಯೇ ಪಟ್ಟಿಗೆ ಟೈಪು ಮಾಡುವುದು ನನ್ನ ಕೆಲಸ. ಹಾಗೆಯೇ ಮಾಡಿದೆ: ಚಿಲಕದ ಸದ್ದು, ಮುಖ್ಯ ಪಾತ್ರದಲ್ಲಿ ದಿವಂಗತ ವನಮಾಲ. ಬೋರ್ಡಿಗೆ ಅಂಟಿಸಿ ಬಂದು ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಕಾಫಿ ತಟ್ಟೆ ಹಿಡಿದು ಬಂದ ತಮ್ಮಯ್ಯ ಬೋರ್ಡಿನ ಮುಂದೆ ನಿಂತ. ಬೇಕಾದ ಪುಸ್ತಕ ಹುಡುಕುವವರು ನಿಲ್ಲುವಂತೆಯೇ ನಿಂತಿದ್ದ, ತಲೆ ಒಂದಿಷ್ಟು ಮುಂದೆ ಚಾಚಿ. ಕಾಫಿ ಆರಿತು. ಹೆಂಡತಿ ಸತ್ತ ಸುದ್ದಿ ಅವನಿಗೆ ತಿಳಿದದ್ದು ಹೊಸ ಸಿನಿಮಾಗಳ ಪಟ್ಟಿಯಿಂದ.

ಎರಡು ದಿನ ಕ್ಯಾಂಟೀನು ಬಾಗಿಲು ಹಾಕಿತ್ತು. ಮೂರನೆಯ ದಿನ ತಮ್ಮಯ್ಯ ತಲೆ ಬೋಳಿಸಿಕೊಂಡು ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

"ಮೇಡಮ್ಮೋರೆ, ಆ ಸಿನಿಮಾ ನೋಡ್ಬುಟ್ರಾ?"

"ಇನ್ನೂ ಇಲ್ಲ ತಮ್ಮಯ್ಯನೋರೆ. ಬುಧವಾರ ನೋಡೋದು."

"ಕತೆ ಏನಂತೆ?"

ಡಬ್ಬಿಯ ಹಿಂದೆ ಅಚ್ಚಾಗಿದ್ದನ್ನು ಓದಿ ಹೇಳಿದೆ. ಮನೆ ಬಿಟ್ಟು ಹೋದ ಹೆಂಗಸೊಬ್ಬಳು ಬಹಳ ವರ್ಷಗಳ ನಂತರ ತನ್ನ ಊರಿನ ಬಸ್ಸು ಹತ್ತಿ ಬರುತ್ತಾಳೆ. ಅಲ್ಲಿಂದ ಮುಂದೆ ಹಸಿ. ತಮ್ಮಯ್ಯ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ.

"ನಂಗೊಂದು ಉಪ್ಕಾರ ಮಾಡಿ. ನೋಡೋವಾಗ ಅವಳು ಮನೆ ಒಳಕ್ಕೆ ಬರ್ಲಿ ಅಂತ ಒಂದ್ಸಲ ಮನ್ಸಲ್ಲಿ ಅಂದ್ಕೊಳ್ಳಿ. ಇನ್ನೇನೂ ಕೇಳಲ್ಲ. ಹೆಂಗೂ ಇನ್ಮೇಲೆ ಅವಳು ಬರಾಕಿಲ್ಲ. ಅಲ್ಲಾದ್ರೂ ಬಂದ್ಲು ಅಂತಾಗ್ಲಿ."

"ನಂಗೆ ಹಾಗೆಲ್ಲ ಅಂದ್ಕೊಳ್ಳೋಕೆ ಬರೋದಿಲ್ಲ ತಮ್ಮಯ್ಯನೋರೆ. ಬಂದಿದ್ರೆ ಈ ಕೆಲ್ಸ ಯಾಕೆ ಕೊಡ್ತಿದ್ರು?"

"ನಿಮ್ಗೆ ಏನೂ ಬೇಕು ಅನ್ಸೋದೇ ಇಲ್ವಾ?"

ಯೋಚಿಸಿ ಹೇಳಿದೆ, "ಒಂದೊಂದ್ಸಲ ಕಾಫಿ ಬೇಕು ಅನ್ಸುತ್ತೆ."

"ಸಿಗ್ಲಿಲ್ಲ ಅಂದ್ರೆ?"

"ಟೀ ಕುಡೀತೀನಿ."

ತಮ್ಮಯ್ಯ ಹಣೆ ಚಚ್ಚಿಕೊಂಡು ಹೊರಟುಹೋದ. ಆದರೆ ಬಿಡಲಿಲ್ಲ. ಮಾರನೆಯ ದಿನ ನನ್ನನ್ನು ಕ್ಯಾಂಟೀನಿಗೆ ಕರೆದು, ಬಿಸಿ ಬಿಸಿ ಮದ್ದೂರು ವಡೆ ತಂದು ಮುಂದಿಟ್ಟ. ನಾನು ಕೈ ಹಾಕುವಷ್ಟರಲ್ಲಿ ತಟ್ಟೆ ಎತ್ತಿಕೊಂಡ. "ಈಗ ಬೇಕು ಅನ್ನುಸ್ತಾ?" ಎಂದು ನನ್ನ ಮುಖವನ್ನೇ ನೋಡಿದ. ಬೇರೆ ಯಾರಿಗಾದರೂ ಕೊಡಿ ಎಂದೆ. ಅವನು ತಟ್ಟೆಯನ್ನು ಅಲ್ಲೇ ಇಟ್ಟು, ಖಾಲಿ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತ. ಗಲ್ಲಾಪೆಟ್ಟಿಗೆಯ ಕಡೆಗಿನ ಅರೆಬಾಗಿಲಿಗೆ ಹಿತ್ತಾಳೆಯ ಚಿಲಕವೊಂದಿತ್ತು. ಅದನ್ನು ಮಾತ್ರ ಅವನು ದಿನವೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾನೆಂದು ಕಾಣುತ್ತದೆ, ಹೊಸದರಂತೆ ಹೊಳೆಯುತ್ತಿತ್ತು. ನನಗೆ ದುಃಖವೇನೂ ಆಗಲಿಲ್ಲ. ಆದರೆ ವಡೆ ತಿನ್ನಲಾಗಲಿಲ್ಲ ಎಂಬುದನ್ನು ಹೇಳಬೇಕು.

ಈ ವಿಷಯ ಪರಶಿವಮೂರ್ತಿ ಸರ್ ಕಿವಿಗೂ ಬಿತ್ತು. ಕರೆಸಿ ಹೇಳಿದರು, "ನೋಡಿ ಮಂದಾಕಿನಿ, ಸಂಬಂಧಪಟ್ಟವರು ಆ ಕೋಣೆಯ ಹತ್ತಿರಾನೂ ಸುಳೀಬಾರ್ದು. ತಮ್ಮಯ್ಯನ ಮೇಲೆ ನಂಗೂ ಕನಿಕರ ಇದೆ. ಆದ್ರೆ ಸಿನಿಮಾ ಊರಿನೋರದ್ದು."

"ನಾನು ನೋಡಿದ್ರೆ ಏನಾಗುತ್ತೆ ಅಂತ ನಿಮ್ಗೆ ಗೊತ್ತಲ್ಲ ಸರ್."

"ಏನಾಗುತ್ತೆ?"

"ಅವಳು ಬಸ್ ಇಳೀತಾಳೆ. ಬಿಸಿಲು ಜಾಸ್ತಿ ಇದೆ ಅಂತ ಮರದ ಕೆಳಗೆ ನಿಲ್ತಾಳೆ. ಮುಗೀತು."

"ತಪ್ಪೇನು?" ಎಂದರು ಸರ್. ತಪ್ಪೇನಿರಲಿಲ್ಲ. ಇಷ್ಟು ವರ್ಷ ನಾನು ಮುಗಿಸಿದ ಯಾವುದರಲ್ಲೂ ತಪ್ಪಿರಲಿಲ್ಲ.

ಬುಧವಾರ ಮಧ್ಯಾಹ್ನ ಸಿನಿಮಾ ಕೋಣೆಯ ಬೀಗ ತೆಗೆದೆ. ಪುಟ್ಟ ಕೋಣೆ, ಪರದೆ, ಒಂದೇ ಒಂದು ಕುರ್ಚಿ. ಹಸಿ ಸಿನಿಮಾ ನೋಡುವಾಗ ಇಬ್ಬರು ಕೂರಬಾರದು, ಕೊನೆ ಸರಿಯಾಗಿ ಕಟ್ಟುವುದಿಲ್ಲ. ಯಂತ್ರಕ್ಕೆ ಎಲ್ಲ ಜೋಡಿಸಿ ಕುರ್ಚಿಯಲ್ಲಿ ಕುಳಿತೆ. ಕೈ ಗುಂಡಿಯ ಮೇಲಿತ್ತು. ಕಿಟಕಿಯಿಂದ ಕ್ಯಾಂಟೀನಿನ ಹಿಂಭಾಗ ಕಾಣುತ್ತಿತ್ತು. ತಮ್ಮಯ್ಯ ಹೊರಗೆ ಬಂದು, ನಮ್ಮ ಕಟ್ಟಡದ ಕಡೆ ತಿರುಗಿ ಕೈಮುಗಿದು ನಿಂತಿದ್ದ. ದೇವರಿಗೆ ಮುಗಿಯುವ ಕೈಯನ್ನು ನನಗೆ ಮುಗಿಯುತ್ತಿದ್ದಾನಲ್ಲ ಎಂದು ಮುಜುಗರವಾಯಿತು. ದೇವರಿಗಾದರೂ ಏನೋ ಒಂದು ಅನಿಸಿಕೆ ಇರುತ್ತದೆ. ನಾನು ಎದ್ದು ಕಿಟಕಿ ತೆಗೆದು ಅವನನ್ನು ಕರೆದೆ. ಅವನ ಮೇಲಿನ ಅಂತಃಕರಣದಿಂದ ಕರೆದೆ ಎಂದರೆ ಸುಳ್ಳಾಗುತ್ತದೆ. ಆ ಕುರ್ಚಿಯಲ್ಲಿ ಯಾರು ಕೂತರೂ ನನಗೆ ಒಂದೇ ಆಗಿತ್ತು, ಅವನಿಗೆ ಒಂದೇ ಆಗಿರಲಿಲ್ಲ. ಲೆಕ್ಕ ಅಷ್ಟೇ.

"ನೀವೇ ನೋಡಿ" ಎಂದೆ.

ತಮ್ಮಯ್ಯ ಚಪ್ಪಲಿ ಹೊರಗೆ ಬಿಟ್ಟು ಬಂದ. ಕುರ್ಚಿಯಲ್ಲಿ ತುದಿಗೆ ಕುಳಿತ. ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಕೆಲಸವಿಲ್ಲದೆ ಕೂರುವುದು ನನಗೆ ಹೊಸದೇನಲ್ಲ. ಒಳಗಿನಿಂದ ಸಂಗೀತ ಕೇಳಿಸಿತು. ಆಮೇಲೆ ಹೆಂಗಸಿನ ದನಿ, ಹೊಲಿಗೆಯಂತ್ರದ ಸದ್ದು, ನೀರಿಗೆ ಯಾರೋ ಧುಮುಕಿದ ಸದ್ದು, ಜೋರು ನಗು. ವನಮಾಲಳ ಕೈಯಿಂದ ನಾನು ಎಷ್ಟೋ ಸಲ ಚಿಲ್ಲರೆ ತೆಗೆದುಕೊಂಡಿದ್ದೆ, ಅವಳ ನಗು ಹೀಗಿರುತ್ತದೆಂದು ಗೊತ್ತಿರಲಿಲ್ಲ. ಕೊನೆಗೆ ಬಸ್ಸಿನ ಸದ್ದು ಬಂತು. ಬಸ್ಸು ನಿಂತಿತು. ಅಲ್ಲಿಂದ ಮುಂದೆ ಹಸಿ ಭಾಗ. ಬೀದಿಯಲ್ಲಿ ಚಪ್ಪಲಿ ನಡೆಯುವ ಸದ್ದು ಹತ್ತಿರ ಹತ್ತಿರ ಬಂದು ನಿಂತಿತು. ನಾನು ಚಿಲಕ ತೆಗೆಯುವ ಸದ್ದಿಗಾಗಿ ಕಿವಿ ಕೊಟ್ಟು ಕಾದೆ. ಆ ಸದ್ದು ಬರಲಿಲ್ಲ. ಚಪ್ಪಲಿಯ ಸದ್ದೇ ಮತ್ತೆ ಕೇಳಿತು, ಈ ಸಲ ದೂರ ದೂರ ಹೋಯಿತು.

ತಮ್ಮಯ್ಯ ಹೊರಗೆ ಬಂದಾಗ ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಬಹಳ ಹೊತ್ತು ಅತ್ತ. ಅಳುವವರ ಪಕ್ಕದಲ್ಲಿ ಕೂರುವುದು ಹೇಗೆಂದು ತಿಳಿಯದೆ ನಾನು ಅವನ ಚಪ್ಪಲಿಗಳನ್ನು ಜೋಡಿಸಿ ಇಟ್ಟೆ.

"ಬರ್ಲಿ ಅಂತ ಅಂದ್ಕೊಳ್ಳಲಿಲ್ವಾ?" ಎಂದು ಕೇಳಿದೆ.

"ಅಂದ್ಕಂಡೆ. ಅಂದ್ಕಂಡಿದ್ಕೇ ಬಾಗ್ಲು ತಂಕ ಬಂದ್ಲು. ಚಿಲಕದ ಮೇಲೆ ಕೈ ಇಟ್ಲು, ಮೇಡಮ್ಮೋರೆ. ಆಗ ಮುಖ ತೋರ್ಸಿದ್ರು. ದಿನಾ ಬೆಳಿಗ್ಗೆ ಕ್ಯಾಂಟೀನ್ ಬಾಗ್ಲು ತೆಗೆಯೋವಾಗ ಇರ್ತಿತ್ತಲ್ಲ, ಅದೇ ಮುಖ." ತಮ್ಮಯ್ಯ ಮೂಗು ಒರೆಸಿಕೊಂಡ. "ಅದೇ ಅವಳ ಮುಖ ಅಂತ ತಿಳ್ಕಂಡು ಇಪ್ಪತ್ತು ವರ್ಷ ಬಾಳಾಟ ಮಾಡ್ದೆ ನಾನು. ಈಗ ಇನ್ನೊಂದು ಮುಖಾನೂ ನೋಡಿದ್ನಲ್ಲ. ಕೆರೇಲಿ ಈಜಾಡ್ಕಂಡು ಹೆಂಗ್ ನಗ್ತಾಳೆ ಅಂತೀರಿ! ಅದನ್ನ ನೋಡ್ದೋನು ಹೆಂಗ್ ಒಳಕ್ಕೆ ಕರೀಲಿ? ಬ್ಯಾಡ, ಹೋಗಮ್ಮಿ ಅಂದ್ಬುಟ್ಟೆ. ನಾನು ಅನ್ಬೇಕು ಅಂತ ಅನ್ಲಿಲ್ಲ. ಬಂದ್ಬುಡ್ತು."

"ಹೋದ್ಲಾ?"

"ಹೋದ್ಲು. ತಿರುಗಿ ಒಂದ್ಸಲ ನೋಡಿದ್ಲು" ಎಂದ ತಮ್ಮಯ್ಯ. ಚಪ್ಪಲಿ ಮೆಟ್ಟಿಕೊಂಡು, ಸಂಜೆಯ ಬಜ್ಜಿಗೆ ಹಿಟ್ಟು ಕಲಸಬೇಕೆಂದು ಎದ್ದು ಹೋದ.

ಮಾರನೆಯ ದಿನ ಗುರುವಾರ. ಗುರುವಾರ ಸಂಜೆ ಹೊಸ ಸಿನಿಮಾವನ್ನು ಗ್ರಂಥಾಲಯದ ಸಭಾಂಗಣದಲ್ಲಿ ಊರಿನವರಿಗೆ ತೋರಿಸುತ್ತಾರೆ. ನಾನು ಹೋಗುವವಳಲ್ಲ, ಒಮ್ಮೆ ನೋಡಿದ್ದನ್ನು ಮತ್ತೇಕೆ ನೋಡಲಿ? ಈ ಸಲ ನೋಡಿರಲಿಲ್ಲವಾದ್ದರಿಂದ ಹಿಂದಿನ ಸಾಲಿನಲ್ಲಿ ಹೋಗಿ ಕುಳಿತೆ. ಮಂದಾಕಿನಿ ಮುಕ್ತಾಯ ತಾನೇ ಎಂದು ಜನ ಚುರುಮುರಿ ತಿನ್ನುತ್ತ, ಮಾತಾಡುತ್ತ ನೋಡುತ್ತಿದ್ದರು. ವನಮಾಲ ಹೊಲಿಗೆ ಕಲಿತಳು, ಈಜು ಕಲಿತಳು, ಮೈಮರೆತು ನಕ್ಕಳು, ಬಸ್ಸು ಹತ್ತಿದಳು. ಅವಳು ಬೀದಿಯಲ್ಲಿ ನಡೆದು ಬರುವಷ್ಟರಲ್ಲಿ ಸಭಾಂಗಣ ತೆಪ್ಪಗಾಗಿತ್ತು. ಅವಳು ಬಾಗಿಲ ಮುಂದೆ ನಿಂತು ಚಿಲಕದ ಮೇಲೆ ಕೈಯಿಟ್ಟಳು.

ಮುಂದೇನಾಗುತ್ತದೆಂದು ಆ ಸಭಾಂಗಣದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಹಾಗಿದ್ದೂ ನಾನು ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಬಾ, ಒಳಗೆ ಬಾ, ಎಂದು ಎದೆಯೊಳಗೆ ಯಾರೋ ಕೂಗುತ್ತಿದ್ದರು. ಅದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿ ಖಾಲಿ ಇದೆ, ಚಿಲಕ ತಿಕ್ಕಿ ಇಟ್ಟಿದ್ದಾನೆ, ಒಂದು ಗಳಿಗೆ ಒಳಗೆ ಬಂದು ಹೋದರೆ ನಿನ್ನ ಗಂಟೇನು ಹೋಗುತ್ತದೆ? ಅವಳು ಕೈ ತೆಗೆದಳು. ಬೀದಿಯ ಕೊನೆಯಲ್ಲಿ ತಿರುಗಿ ಒಂದು ಸಲ ನೋಡಿದಳು. ದೀಪ ಹತ್ತಿದಾಗ ಊರಿಗೆ ಊರೇ ಮೂಗು ಒರೆಸಿಕೊಳ್ಳುತ್ತಿತ್ತು. ನನ್ನ ಕೆನ್ನೆಯೂ ಒದ್ದೆಯಾಗಿತ್ತು. ನನಗೆ ತಡೆಯಲಾಗದಷ್ಟು ದುಃಖವಾಗಿತ್ತು, ಮತ್ತೆ ಸಿಟ್ಟೂ ಬಂದಿತ್ತು.

ಪರಶಿವಮೂರ್ತಿ ಸರ್ ನನ್ನ ಪಕ್ಕದಲ್ಲಿ ಬಂದು ನಿಂತರು. "ಇದು ನಿಮ್ಮ ಮುಕ್ತಾಯ ಅಲ್ಲ" ಎಂದರು ಮೆಲ್ಲಗೆ.

"ಅಲ್ಲ ಸರ್. ತಮ್ಮಯ್ಯ ನೋಡಿದ್ದು."

ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸಂಬಂಧಪಟ್ಟವನು ನೋಡಿದರೆ ತನಗೆ ಬೇಕಾದ್ದನ್ನು ಮಾಡಿಕೊಳ್ಳುತ್ತಾನೆ ಎಂಬುದರ ಮೇಲೆ ಅವರ ನಿಯಮವೆಲ್ಲ ನಿಂತಿತ್ತು. ಈಗ ಅದನ್ನು ಏನು ಮಾಡುವುದೆಂದು ತಿಳಿಯದೆ ಕನ್ನಡಕವನ್ನು ತೆಗೆದು ಹಾಕಿ ಮಾಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು. "ನಿಮ್ಗೇನನ್ನಿಸ್ತು, ಮಂದಾಕಿನಿ?"

"ಅವಳು ಒಳಗೆ ಬರ್ಬೇಕಾಗಿತ್ತು ಸರ್" ಎಂದೆ.

ಸರ್ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ನಾಳೆಯಿಂದ ಪುಸ್ತಕ ಕೊಡೋ ಕೌಂಟರಿಗೆ ಬಂದ್ಬಿಡಿ. ಆ ಕೆಲ್ಸಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ" ಎಂದರು.

ಹಾಗೆ ನನ್ನ ಕೆಲಸ ಹೋಯಿತು. ಹೋದದ್ದಕ್ಕೆ ಬೇಜಾರಾಯಿತು ಎಂಬುದೇ ನನಗೆ ಆಶ್ಚರ್ಯ. ಹೊಸಬರು ಇನ್ನೂ ಸಿಕ್ಕಿಲ್ಲ. ಹಸಿ ಕಪಾಟು ತುಂಬಿ, ಪುಸ್ತಕಗಳು ನೆಲದ ಮೇಲೆ ರಾಶಿ ಬಿದ್ದಿವೆ. ಕೌಂಟರಿನಿಂದ ಅವುಗಳ ಬೆನ್ನು ಕಾಣುತ್ತದೆ, ಒಂದೊಂದರ ಕೊನೆಯೂ ಹೀಗಾಗಲಿ, ಹಾಗಾಗಲಿ ಎಂದು ಮನಸ್ಸು ಚಡಪಡಿಸುತ್ತದೆ. ಆ ಕಡೆ ತಮ್ಮಯ್ಯನ ಕ್ಯಾಂಟೀನಿನಲ್ಲಿ ಈಗ ಸ್ಟೂಲಿಲ್ಲ. ಅವನು ಆರಾಮವಾಗಿ ಕುರ್ಚಿಯಲ್ಲೇ ಕೂರುತ್ತಾನೆ. ಹಿತ್ತಾಳೆಯ ಚಿಲಕ ಕಪ್ಪಾಗುತ್ತ ಬಂದಿದೆ. ಕಾಫಿ ಮುಗಿದಿದೆ, ಟೀ ಕೊಡಲೇ ಎಂದು ಮೊನ್ನೆ ಕೇಳಿದ. ಬೇಡ, ಕಾಫಿಯೇ ಬೇಕು, ಹಾಲು ಕಾಯುವವರೆಗೆ ಕೂರುತ್ತೇನೆ ಎಂದೆ. ಅವನು ನನ್ನನ್ನು ಒಂದು ನಿಮಿಷ ನೋಡಿ ಒಲೆ ಹೊತ್ತಿಸಿದ.

ಚಿಲಕದ ಸದ್ದು ಊರಿನವರಿಗೆ ಬಹಳ ಹಿಡಿಸಿದ್ದರಿಂದ ಗುರುವಾರಗಳಂದು ಆಗಾಗ ತೋರಿಸುತ್ತಾರೆ. ಒಮ್ಮೆ ಮೂಡಿದ ಕೊನೆ ಬದಲಾಗುವುದಿಲ್ಲ, ಇದು ನಮ್ಮ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಾನು ಒಂದನ್ನೂ ತಪ್ಪಿಸುವುದಿಲ್ಲ. ಈ ಗುರುವಾರವೂ ಹೋಗಿ ಕುಳಿತೆ. ವನಮಾಲ ಬಸ್ಸಿನಿಂದ ಇಳಿದು, ಬೀದಿ ಹಿಡಿದು ನಡೆದು, ಬಾಗಿಲವರೆಗೆ ಬಂದಳು.